ದಿನಾ ಬೆಳಿಗ್ಗೆ ಡಿ ಡ್ರೈವ್ ಸ್ಕ್ಯಾನ್ ಆಗುತ್ತಿದೆ, ಕಂಪ್ಯೂಟರ್ ಓಪನ್ ಆಗಲು ಮುಕ್ಕಾಲು ಗಂಟೆ ಬೇಕು. ಏನು ಮಾಡಲಿ?

ಸಾಗರದ ಡಿಟಿಪಿ (ಸೋಮವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಇವೇ ಕೆಲಸ. ಕಂಪ್ಯೂಟರಲ್ಲಿ ವಿಂಡೋಸ್ 10 ಇದೆ. ಸಿ ಡ್ರೈವ್‌ಗೆ 240 ಜಿಬಿ ಎಸ್‌ಎಸ್‌ಡಿ ಹಾಕಿಸಿದ್ದೇನೆ. ಮೊದಲಿದ್ದ 1 ಟಿಬಿ ಹಾರ್ಡ್‌ಡಿಸ್ಕ್ ಡಿ ಡ್ರೈವ್ ಆಗಿ ಒಳಗೇ ಇದೆ. ನುಡಿಯಲ್ಲಿ ಟೈಪ್ ಮಾಡಿದ ಫೈಲು, ಕೋರೆಲ್ ಡ್ರಾ ಡಿಸೈನು ಎಲ್ಲವೂ ಅದರಲ್ಲೇ ಇವೆ.

ಈಗ ಕೆಲವು ವಾರಗಳಿಂದ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್ ಡಿ’ ಅಂತ ಬರುತ್ತದೆ. ಹತ್ತು ಹನ್ನೊಂದು ಪರ್ಸೆಂಟಿಗೆ ಬಂದು ನಿಂತುಬಿಡುತ್ತದೆ. ಆಮೇಲೆ ನಿಧಾನಕ್ಕೆ ಮುಂದೆ ಹೋಗುತ್ತದೆ. ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಗಿರಾಕಿಗಳು ನಿಂತಿರುತ್ತಾರೆ. ಇಲ್ಲಿನ ರಿಪೇರಿಯವರು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು ಅಂದರು. ಅದರಿಂದ ಸರಿಹೋಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸಕೋಟೆ ಹುಡುಗಿ (ಸೋಮವಾರ ಬೆಳಿಗ್ಗೆ)

ಇದಕ್ಕೆ ಫಾರ್ಮ್ಯಾಟ್ ಎಲ್ಲ ಬೇಡ ಸರ್. ಸ್ಟಾರ್ಟ್ ಮೆನುವಲ್ಲಿ ಸಿ-ಎಂ-ಡಿ ಅಂತ ಹುಡುಕಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಲ್ಲಿ ಚೆಕ್-ಎನ್‌ಟಿಎಫ್‌ಎಸ್ ಕಮಾಂಡ್ ಕೊಡಿ. ಸಿ, ಎಚ್, ಕೆ, ಎನ್, ಟಿ, ಎಫ್, ಎಸ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು. ಜಾಗ ಬಿಟ್ಟು ಓರೆಗೆರೆ (/) ಎಕ್ಸ್, ಮತ್ತೆ ಜಾಗ ಬಿಟ್ಟು ಡಿ ಮತ್ತು ಕೋಲನ್. ನಾಳೆಯಿಂದ ಆ ಪರದೆ ಬರುವುದಿಲ್ಲ. ನಮ್ಮ ಆಫೀಸಲ್ಲಿ ಹೀಗೇ ಮಾಡಿದ್ದೇವೆ.

ಸಾಗರದ ಡಿಟಿಪಿ (ಸೋಮವಾರ ಬೆಳಿಗ್ಗೆ)

ತುಂಬಾ ಥ್ಯಾಂಕ್ಸ್ ಮೇಡಂ. ಮಧ್ಯಾಹ್ನ ಬಿಡುವಾದಾಗ ಮಾಡುತ್ತೇನೆ.

ಹಳೇ ಹಾರ್ಡ್‌ವೇರ್ (ಸೋಮವಾರ ಮಧ್ಯಾಹ್ನ)

ಸಾಗರದವರೇ, ದಯವಿಟ್ಟು ಆ ಕಮಾಂಡ್ ಈಗಲೇ ಕೊಡಬೇಡಿ. ಮೇಡಂ ಹೇಳಿದ್ದು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಪರದೆ ಬರುವುದು ನಿಲ್ಲುತ್ತದೆ. ಆದರೆ ಚೆಕ್ ಯಾಕೆ ಬರುತ್ತಿದೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ನಿಮ್ಮ ಕೆಲಸವೆಲ್ಲ ಆ ಡಿಸ್ಕಿನಲ್ಲೇ ಇರುವಾಗ ಅದನ್ನು ತಿಳಿಯದೆ ಬಾಯಿ ಮುಚ್ಚಿಸುವುದು ಸರಿಯಲ್ಲ.

ಇದು ನಡೆಯುವ ರೀತಿ ಹೀಗಿದೆ. ಪ್ರತಿ ಡ್ರೈವಿನ ಫೈಲ್ ಸಿಸ್ಟಮ್‌ನಲ್ಲಿ (ಯಾವ ಫೈಲು ಎಲ್ಲಿದೆ ಅಂತ ಲೆಕ್ಕ ಇಡುವ ವ್ಯವಸ್ಥೆ) ಒಂದು ಸಣ್ಣ ಗುರುತು ಇರುತ್ತದೆ. ಅದನ್ನು ಡರ್ಟಿ ಬಿಟ್ ಅನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ‘ಇಲ್ಲಿ ತಾಳೆ ಆಗಿಲ್ಲ’ ಅಂತ ಪೆನ್ಸಿಲ್ ಗೀಟು ಹಾಕಿಟ್ಟ ಹಾಗೆ. ಡ್ರೈವಿನ ಒಳಗಿನ ಪಟ್ಟಿಗಳಲ್ಲಿ ಏನೋ ಹೊಂದುತ್ತಿಲ್ಲ ಅಂತ ವಿಂಡೋಸಿಗೆ ಕಂಡರೆ ಆ ಗುರುತು ಹಾಕುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಡೆಸ್ಕ್‌ಟಾಪ್ ಬರುವ ಮೊದಲೇ ಆಟೋಚೆಕ್ ಅನ್ನುವ ಪ್ರೋಗ್ರಾಮ್ ಓಡುತ್ತದೆ. ಅದು ಎಲ್ಲ ಡ್ರೈವ್‌ಗಳ ಗುರುತನ್ನೂ ನೋಡುತ್ತದೆ. ಗುರುತು ಇರುವ ಡ್ರೈವಿನ ಮೇಲೆ ಚೆಕ್‌ಡಿಸ್ಕ್, ಅಂದರೆ ಆ ಪಟ್ಟಿಗಳನ್ನು ತಾಳೆ ನೋಡಿ ಸರಿಮಾಡುವ ಕೆಲಸ, ನಡೆಸುತ್ತದೆ. ಕೆಲಸ ಸರಿಯಾಗಿ ಮುಗಿದರೆ ಗುರುತು ಅಳಿಸುತ್ತದೆ.

ಅಂದರೆ ಕರೆಂಟ್ ಹೋದ ಮಾರನೇ ದಿನ ಒಂದು ಸಲ ಚೆಕ್ ಬಂದರೆ ಗಾಬರಿ ಬೇಡ. ದಿನಾ ಬರುತ್ತಿದೆ ಅಂದರೆ ಎರಡೇ ಅರ್ಥ. ಒಂದೋ ಚೆಕ್ ಪೂರ್ತಿ ಮುಗಿಯುತ್ತಿಲ್ಲ, ಇಲ್ಲವೇ ಮುಗಿದ ಮೇಲೆ ಹಗಲಲ್ಲಿ ಮತ್ತೆ ಏನೋ ಕೆಡುತ್ತಿದೆ. ಯಾವುದು ಅಂತ ಮೊದಲು ನೋಡೋಣ.

ಅದೇ ಕಪ್ಪು ವಿಂಡೋದಲ್ಲಿ ‘ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಡಿ:’ ಅಂತ ಕೊಡಿ. ಮೊದಲ ಪದ ಎಫ್, ಎಸ್, ಯು, ಟಿ, ಐ, ಎಲ್. ಇದು ಸುಮ್ನೆ ಗುರುತು ಇದೆಯೋ ಇಲ್ಲವೋ ಹೇಳುತ್ತದೆ, ಏನನ್ನೂ ಬದಲಾಯಿಸುವುದಿಲ್ಲ. ಬೆಳಿಗ್ಗೆ ಚೆಕ್ ಮುಗಿದ ತಕ್ಷಣ ಒಂದು ಸಲ ನೋಡಿ. ಸಂಜೆ ಅಂಗಡಿ ಮುಚ್ಚುವ ಮುಂಚೆ ಇನ್ನೊಂದು ಸಲ ನೋಡಿ.

ಆಮೇಲೆ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಅಂತ ಇದೆ. ಅಲ್ಲಿ ಎರಡು ಬಗೆಯ ಸಾಲು ಹುಡುಕಬೇಕು. ‘ಕರ್ನೆಲ್ ಪವರ್’ ಹೆಸರಿನ 41ನೇ ನಂಬರಿನ ಈವೆಂಟ್ ಇದ್ದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದರ್ಥ. ‘ಡಿಸ್ಕ್’ ಹೆಸರಿನ 7ನೇ ನಂಬರ್ ಇದ್ದರೆ ಡಿಸ್ಕಿನಲ್ಲಿ ಓದಲಾಗದ ಜಾಗ ಇದೆ ಎಂದರ್ಥ. ‘ಎನ್‌ಟಿಎಫ್‌ಎಸ್’ ಹೆಸರಿನ 55 ಕೂಡ ಕಂಡರೆ ಬರೆದುಕೊಳ್ಳಿ. ಫೈಲ್ ಸಿಸ್ಟಮ್ ಕೆಟ್ಟಿದೆ ಅಂತ ವಿಂಡೋಸ್ ಬರೆದಿಡುವ ಸಾಲು ಅದು.

ವಿಂಡೋಸ್ ಮತ್ತೆ ಹಾಕುವ ವಿಷಯಕ್ಕೆ ಬಂದರೆ, ವಿಂಡೋಸ್ ಇರುವುದು ಸಿ ಡ್ರೈವಿನಲ್ಲಿ, ತೊಂದರೆ ಇರುವುದು ಡಿ ಡ್ರೈವಿನಲ್ಲಿ. ಸಿ ಫಾರ್ಮ್ಯಾಟ್ ಮಾಡಿದರೆ ಡಿ ಡಿಸ್ಕ್ ಹೇಗೆ ಸರಿಹೋಗುತ್ತದೆ? ದುಡ್ಡೂ ಹೋಗುತ್ತದೆ, ನುಡಿ, ಫಾಂಟು, ಪ್ರಿಂಟರ್ ಡ್ರೈವರು ಎಲ್ಲ ಮತ್ತೆ ಹಾಕುವ ಕೆಲಸವೂ ಬೀಳುತ್ತದೆ.

ಶಾಲೆ ಮೇಷ್ಟ್ರು (ಸೋಮವಾರ ಮಧ್ಯಾಹ್ನ)

ಒಳ್ಳೆಯ ಚರ್ಚೆ. ವಿಂಡೋಸ್ 98 ಇದ್ದಾಗ ಕರೆಂಟ್ ಹೋಗಿ ಬಂದರೆ ಸಾಕು, ನೀಲಿ ಪರದೆಯಲ್ಲಿ ಸ್ಕ್ಯಾನ್‌ಡಿಸ್ಕ್ ಬರುತ್ತಿತ್ತು. ಮಕ್ಕಳಿಗೆಲ್ಲ ಅದು ಬಾಯಿಪಾಠ ಆಗಿಹೋಗಿತ್ತು. ನಮ್ಮ ಲ್ಯಾಬಿನದ್ದೂ ಇಂಥದ್ದೇ ಒಂದು ಸಮಸ್ಯೆ ಇದೆ, ಲಿನಕ್ಸ್‌ನಲ್ಲಿ. ಇವರದು ಒಂದು ಹಂತಕ್ಕೆ ಬಂದ ಮೇಲೆ ಕೇಳುತ್ತೇನೆ.

ಸಾಗರದ ಡಿಟಿಪಿ (ಮಂಗಳವಾರ ರಾತ್ರಿ)

ಹಾರ್ಡ್‌ವೇರ್ ಸರ್, ನೀವು ಹೇಳಿದ್ದು ನೋಡಿದೆ. ಬೆಳಿಗ್ಗೆ ಚೆಕ್ ಮುಗಿದ ಮೇಲೆ ಡಿ ಡರ್ಟಿ ಅಲ್ಲ ಅಂತ ಬಂತು. ಸಂಜೆ ನೋಡಿದರೆ ಡರ್ಟಿ ಅಂತ ಬಂತು. ಮಧ್ಯೆ ಕರೆಂಟ್ ಹೋಗಿರಲಿಲ್ಲ, ಕಂಪ್ಯೂಟರ್ ಆಫ್ ಕೂಡ ಮಾಡಿರಲಿಲ್ಲ.

ಈವೆಂಟ್ ವ್ಯೂವರಲ್ಲಿ 41 ಅಲ್ಲೊಂದು ಇಲ್ಲೊಂದು ಇವೆ, ಮಳೆಗಾಳಿ ಇದ್ದ ದಿನಗಳವು. 7 ಮಾತ್ರ ಸಾಲು ಸಾಲಾಗಿ ಇದೆ. 55 ಕೂಡ ಇದೆ. ಹಳೆಯ ಮದುವೆ ಕಾರ್ಡುಗಳ ಫೋಲ್ಡರ್ ತೆರೆದಾಗ ಕಂಪ್ಯೂಟರ್ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ. ಅದೇ ಸಮಯಕ್ಕೆ 7 ಬಂದಿರುವುದು ಕಾಣುತ್ತದೆ.

ಹಳೇ ಹಾರ್ಡ್‌ವೇರ್ (ಮಂಗಳವಾರ ರಾತ್ರಿ)

ಎಷ್ಟು ಚೆನ್ನಾಗಿ ನೋಡಿದ್ದೀರಿ! ಸಮಯ ತಾಳೆ ನೋಡಿದ್ದೇ ದೊಡ್ಡ ಸಹಾಯ ಆಯಿತು.

ಕರೆಂಟ್ ಕಾರಣ ಆಗಿದ್ದರೆ 41 ಬಂದ ಮಾರನೇ ದಿನ ಮಾತ್ರ ಚೆಕ್ ಬರಬೇಕಿತ್ತು. ನಿಮಗೆ ದಿನಾ ಬರುತ್ತಿದೆ. ಕಂಪ್ಯೂಟರ್ ಆಫ್ ಆಗದೇ ಇದ್ದರೂ ಹಗಲಲ್ಲೇ ಗುರುತು ಬೀಳುತ್ತಿದೆ. ಆದ್ದರಿಂದ ಅನುಮಾನ ನೇರವಾಗಿ ಡಿಸ್ಕಿನ ಮೇಲೆ, ಇಲ್ಲವೇ ಅದರ ಕೇಬಲ್ ಮೇಲೆ.

ಇದನ್ನು ಡಿಸ್ಕನ್ನೇ ಕೇಳಬಹುದು. ಹಾರ್ಡ್‌ಡಿಸ್ಕ್‌ಗಳಲ್ಲಿ ಸ್ಮಾರ್ಟ್ ಎಂಬ ವ್ಯವಸ್ಥೆ ಇದೆ. ತನ್ನ ಆರೋಗ್ಯದ ಲೆಕ್ಕವನ್ನು ಡಿಸ್ಕ್ ತಾನೇ ಇಟ್ಟುಕೊಳ್ಳುತ್ತದೆ. ಅದನ್ನು ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಇದೆ. ತೆರೆದ ಮೇಲೆ ಮೇಲ್ಗಡೆ ನಿಮ್ಮ 1 ಟಿಬಿ ಡಿಸ್ಕ್ ಆರಿಸಿ. ಪಟ್ಟಿಯ ಎಡಗಡೆ ಐಡಿ ಅಂತ ಇರುತ್ತದೆ. 05, ಸಿ5, ಸಿ6, ಸಿ7 ಈ ನಾಲ್ಕರ ಎದುರು ಕೊನೆಯಲ್ಲಿರುವ ರಾ ವ್ಯಾಲ್ಯೂ ಏನಿದೆ ಬರೆಯಿರಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಈಗ ನಡೆಯುತ್ತಿರುವ ಆರ್ಡರ್‌ಗಳ ಫೋಲ್ಡರನ್ನು ಸಿ ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಹೊಸ ಕೆಲಸ ಯಾವುದನ್ನೂ ಡಿ ಡ್ರೈವಿನಲ್ಲಿ ಸೇವ್ ಮಾಡಬೇಡಿ.

ಡಬ್ಲಿನ್ ಕನ್ನಡಿಗ (ಮಂಗಳವಾರ ರಾತ್ರಿ)

ನನಗೂ ದಿನಾ ಚೆಕ್ ಬರುತ್ತಿತ್ತು, ಆದರೆ ಡಿಸ್ಕ್ ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇವೆ. ಕಾರಣ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಇದು ಇದೆ. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಆ ಹೊತ್ತಲ್ಲಿ ಉಬುಂಟುವಿನಿಂದ ಅದೇ ಡ್ರೈವಿಗೆ ಫೈಲ್ ಹಾಕಿದರೆ, ವಿಂಡೋಸ್ ಎದ್ದಾಗ ಅದರ ನೆನಪಿಗೂ ಡಿಸ್ಕಿನಲ್ಲಿ ಇರುವುದಕ್ಕೂ ಹೊಂದುವುದಿಲ್ಲ. ಆಗ ಚೆಕ್ ಬರುತ್ತದೆ.

‘ಪವರ್‌ಸಿಎಫ್‌ಜಿ ಓರೆಗೆರೆ ಎಚ್ ಆಫ್’ ಕೊಟ್ಟ ಮೇಲೆ ನಿಂತಿತು. ಅದರಿಂದ ಹೈಬರ್ನೇಟ್ ಕೂಡ ಹೋಗುತ್ತದೆ, ಅದು ಗಮನದಲ್ಲಿರಲಿ. ಎರಡು ಓಎಸ್ ಇಟ್ಟುಕೊಂಡವರು ಇದನ್ನು ಮೊದಲು ನೋಡಿ. ಸಾಗರದವರಿಗೆ ಇದು ಅನ್ವಯಿಸುವುದಿಲ್ಲ ಅನ್ನಿಸುತ್ತದೆ, ಅವರ ಹತ್ತಿರ ವಿಂಡೋಸ್ ಮಾತ್ರ ಇದೆಯಲ್ವಾ.

ಹಳೇ ಹಾರ್ಡ್‌ವೇರ್ (ಮಂಗಳವಾರ ರಾತ್ರಿ)

ಹೌದು, ಇದು ಬೇರೆ ಬಗೆ. ಇನ್ನೊಂದು ಮಾತು ಸೇರಿಸುತ್ತೇನೆ. ರೀಸ್ಟಾರ್ಟ್ ಕೊಟ್ಟಾಗ ವಿಂಡೋಸ್ ಈ ಅರ್ಧ ಮಲಗುವ ದಾರಿ ಹಿಡಿಯುವುದಿಲ್ಲ, ಪೂರ್ತಿ ಮುಚ್ಚಿ ತೆರೆಯುತ್ತದೆ. ಶಟ್‌ಡೌನ್ ಮಾಡಿ ಆನ್ ಮಾಡಿದಾಗ ಮಾತ್ರ ತೊಂದರೆ, ರೀಸ್ಟಾರ್ಟ್ ಮಾಡಿದರೆ ಸರಿ ಅನ್ನುವವರು ಫಾಸ್ಟ್ ಸ್ಟಾರ್ಟಪ್ ಕಡೆ ನೋಡಬೇಕು.

ಸಾಗರದ ಡಿಟಿಪಿ (ಬುಧವಾರ ಬೆಳಿಗ್ಗೆ)

ಸರ್, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆ. ಎಸ್‌ಎಸ್‌ಡಿಗೆ ನೀಲಿ ಬಣ್ಣದಲ್ಲಿ ಗುಡ್ ಅಂತಿದೆ. 1 ಟಿಬಿ ಡಿಸ್ಕಿಗೆ ಹಳದಿ ಬಣ್ಣದಲ್ಲಿ ಕಾಶನ್ ಅಂತಿದೆ. 05ರ ಎದುರು ಸೊನ್ನೆಗಳಾದ ಮೇಲೆ 8 ಇದೆ. ಸಿ5ಕ್ಕೆ 18, ಸಿ6ಕ್ಕೂ 18. ಸಿ7ಕ್ಕೆ ಬರೀ ಸೊನ್ನೆ. 18 ಅಂದರೆ ಕಡಿಮೆನೇ ಅಲ್ವಾ?

ಹಳೇ ಹಾರ್ಡ್‌ವೇರ್ (ಬುಧವಾರ ಬೆಳಿಗ್ಗೆ)

ಮೊದಲು ಆ ನಂಬರಿನ ಬಗ್ಗೆ. ಈ ಪ್ರೋಗ್ರಾಮ್ ರಾ ವ್ಯಾಲ್ಯೂವನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿನ 18 ನಮ್ಮ ಲೆಕ್ಕದಲ್ಲಿ 24. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಫೀಚರ್, ಅದರೊಳಗೆ ರಾ ವ್ಯಾಲ್ಯೂಸ್‌ಗೆ ಹೋಗಿ ಹತ್ತರ ಲೆಕ್ಕಕ್ಕೆ ಬದಲಾಯಿಸಿಕೊಳ್ಳಬಹುದು.

ಸಿ7 ಸೊನ್ನೆ ಇದೆ. ಅದು ಕೇಬಲ್ಲಿನಲ್ಲಿ ಡೇಟಾ ಹಾಳಾದ ಲೆಕ್ಕ. ಅದು ಏರುತ್ತಾ ಇದ್ದಿದ್ದರೆ ಸಾಟಾ ಕೇಬಲ್ ಬದಲಾಯಿಸಿ ನೋಡಿ ಅನ್ನುತ್ತಿದ್ದೆ. ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತು. ಹಾಗಿಲ್ಲ.

ಸಿ5 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ಸಣ್ಣ ತುಂಡು ಜಾಗಗಳು). ಅಲ್ಲಿ ಏನಿದೆ ಅಂತ ಓದಲು ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಪಟ್ಟು ಸೋತಿದೆ. ಆ ಜಾಗಕ್ಕೆ ಹೊಸದಾಗಿ ಬರೆಯುವ ಸಂದರ್ಭ ಬಂದಾಗ, ಅಲ್ಲಿ ಸರಿಯಾಗಿ ಬರೆಯಲಾಗದಿದ್ದರೆ ಅದನ್ನು ಬಿಟ್ಟು, ಮೀಸಲಿಟ್ಟ ಬೇರೆ ಜಾಗ ಬಳಸುತ್ತದೆ. ಹಾಗೆ ಬದಲಿ ಕೊಟ್ಟ ಲೆಕ್ಕ 05. ನಿಮ್ಮದರಲ್ಲಿ 8 ಆಗಲೇ ಬದಲಿಯಾಗಿವೆ, 24 ಕಾಯುತ್ತಿವೆ.

ಸಂಖ್ಯೆ ಕಡಿಮೆ ಅಂತ ಸಮಾಧಾನ ಪಡುವ ಹಾಗಿಲ್ಲ. ಯಾವ ಜಾಗ ಕೆಟ್ಟಿದೆ ಅನ್ನುವುದೂ ಮುಖ್ಯ. ನಿಮಗೆ 55ನೇ ಈವೆಂಟ್ ಬರುತ್ತಿದೆ ಅಂದರೆ ಫೋಲ್ಡರ್ ಪಟ್ಟಿಗಳಿರುವ ಜಾಗಕ್ಕೇ ಪೆಟ್ಟು ಬಿದ್ದಿರಬಹುದು. ಚೆಕ್ ಹತ್ತು ಹನ್ನೊಂದು ಪರ್ಸೆಂಟಿನಲ್ಲಿ ನಿಲ್ಲುತ್ತದೆ ಅಂದಿರಲ್ಲ, ಅದೂ ಇದಕ್ಕೆ ಹೊಂದುತ್ತದೆ. ಓದಲಾಗದ ಒಂದೊಂದು ಸೆಕ್ಟರಿಗೂ ಡಿಸ್ಕ್ ಹಲವು ಸೆಕೆಂಡು ಹೆಣಗುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ಡಿಸ್ಕನ್ನು ಕೆಲಸಕ್ಕೆ ಇನ್ನು ನಂಬಬೇಡಿ. ಹೊಸ ಡಿಸ್ಕ್ ತನ್ನಿ, ಕಾಪಿ ಮಾಡಿ, ಇದನ್ನು ತೆಗೆಯಿರಿ.

ಹೊಸಕೋಟೆ ಹುಡುಗಿ (ಬುಧವಾರ ಬೆಳಿಗ್ಗೆ)

ಸರ್, ಒಂದು ಪ್ರಶ್ನೆ. ಚೆಕ್‌ಡಿಸ್ಕಿಗೆ ಓರೆಗೆರೆ ಆರ್ ಕೊಟ್ಟರೆ ಬ್ಯಾಡ್ ಸೆಕ್ಟರ್ ಹುಡುಕಿ ಸರಿಮಾಡುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರಲ್ಲ? ಒಂದು ರಾತ್ರಿ ಅದನ್ನು ಓಡಿಸಿಟ್ಟರೆ ಹೊಸ ಡಿಸ್ಕ್ ಖರ್ಚು ಉಳಿಯುವುದಿಲ್ವಾ? ಸಣ್ಣ ಅಂಗಡಿಯವರಿಗೆ ಅದೂ ದೊಡ್ಡ ಖರ್ಚೇ.

ಹಳೇ ಹಾರ್ಡ್‌ವೇರ್ (ಬುಧವಾರ ಮಧ್ಯಾಹ್ನ)

ಖರ್ಚಿನ ಮಾತು ನಿಜ ಮೇಡಂ. ಆದರೆ ಆ ಕಮಾಂಡ್ ಏನು ಮಾಡುತ್ತದೆ ಅಂತ ನೋಡಿ. ಓರೆಗೆರೆ ಎಫ್ ಕೊಟ್ಟರೆ ಚೆಕ್‌ಡಿಸ್ಕ್ ಮೂರು ಹಂತದಲ್ಲಿ ಪಟ್ಟಿಗಳನ್ನು ಮಾತ್ರ ನೋಡುತ್ತದೆ. ಆರ್ ಕೊಟ್ಟರೆ ಇನ್ನೆರಡು ಹಂತ ಸೇರುತ್ತವೆ. ಮೊದಲು ಫೈಲುಗಳಿರುವ ಜಾಗ, ಆಮೇಲೆ ಖಾಲಿ ಜಾಗ, ಹೀಗೆ ಇಡೀ ಡಿಸ್ಕನ್ನು ಓದುತ್ತದೆ. ಆರೋಗ್ಯವಾಗಿರುವ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೂ 1 ಟಿಬಿ ಮುಗಿಯಲು ಸುಮಾರು ಎರಡು ಮುಕ್ಕಾಲು ಗಂಟೆ ಬೇಕು. ಕೆಟ್ಟ ಡಿಸ್ಕ್ ಆದರೆ ರಾತ್ರಿ ಕಳೆದು ಬೆಳಗಾದರೂ ಮುಗಿಯದೇ ಇರಬಹುದು.

ಸಮಯಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಚೆಕ್‌ಡಿಸ್ಕಿನ ಕೆಲಸ ಫೈಲ್ ಸಿಸ್ಟಮನ್ನು ಸರಿಯಾದ ಸ್ಥಿತಿಗೆ ತರುವುದು. ಫೈಲುಗಳನ್ನು ಉಳಿಸಿಕೊಡುವುದು ಅದರ ಕೆಲಸ ಅಲ್ಲ. ಪಟ್ಟಿಗೆ ಹೊಂದದ ಫೈಲನ್ನು ಅದು ಪಟ್ಟಿಯಿಂದ ತೆಗೆದುಹಾಕಬಹುದು, ತುಂಡು ಮಾಡಿ ಬೇರೆ ಹೆಸರಿನಲ್ಲಿ ಇಡಬಹುದು. ಸಾಯುತ್ತಿರುವ ಡಿಸ್ಕಿನ ಮೇಲೆ ಇಷ್ಟೆಲ್ಲ ಓದು ಬರಹ ಮಾಡಿಸಿದರೆ ಅದು ನಡುವೆಯೇ ನಿಂತುಹೋಗಬಹುದು. ಕಾಪಿ ಆದ ಮೇಲೆ ಬೇಕಿದ್ದರೆ ಓಡಿಸಲಿ, ಅಡ್ಡಿಯಿಲ್ಲ. ಕಾಪಿಗೆ ಮುಂಚೆ ಖಂಡಿತ ಬೇಡ.

ನೀವು ಹೇಳಿದ ಎಕ್ಸ್ ಕಮಾಂಡಿಗೆ ಈಗ ಜಾಗ ಇದೆ. ಬೆಳಿಗ್ಗೆ ಚೆಕ್ ಓಡಿದಷ್ಟೂ ಡಿಸ್ಕಿಗೆ ಕಷ್ಟ. ಸಾಗರದವರು ಈಗ ಅದನ್ನು ಕೊಟ್ಟು, ಚೆಕ್ ಇಲ್ಲದೆ ಓಪನ್ ಮಾಡಿ, ನೇರವಾಗಿ ಕಾಪಿಗೆ ಕೂರಬೇಕು. ಹೊಸ ಡಿಸ್ಕ್ ಹಾಕಿದ ಮೇಲೆ ಅದೇ ಕಮಾಂಡಿಗೆ ಓರೆಗೆರೆ ಡಿ ಕೊಟ್ಟರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ. ಅದನ್ನು ಮರೆಯಬಾರದು.

ಹೊಸಕೋಟೆ ಹುಡುಗಿ (ಬುಧವಾರ ಮಧ್ಯಾಹ್ನ)

ಅರ್ಥ ಆಯಿತು ಸರ್. ನಮ್ಮ ಆಫೀಸಿನ ಕಂಪ್ಯೂಟರಲ್ಲೂ ಇವತ್ತೇ ಸ್ಮಾರ್ಟ್ ನೋಡುತ್ತೇನೆ.

ಪೆಂಗ್ವಿನ್ ಧಾರವಾಡ (ಬುಧವಾರ ಮಧ್ಯಾಹ್ನ)

ಕಾಪಿ ಬಗ್ಗೆ ನಾನೊಂದು ಹೇಳುತ್ತೇನೆ. ಮೌಸಿನಲ್ಲಿ ಎಳೆದು ಕಾಪಿ ಮಾಡಿದರೆ ಓದಲಾಗದ ಫೈಲು ಬಂದಾಗ ನಿಂತು ಕೇಳುತ್ತದೆ. ಅಲ್ಲೇ ಕೂತಿರಬೇಕಾಗುತ್ತದೆ. ವಿಂಡೋಸಿನಲ್ಲೇ ರೋಬೋಕಾಪಿ ಇದೆ, ಅದು ಒಳ್ಳೆಯದು. ಆದರೆ ಎಚ್ಚರ ಬೇಕು. ಸುಮ್ನೆ ಓಡಿಸಿದರೆ ಓದಲಾಗದ ಒಂದು ಫೈಲಿಗೆ ಅದು 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲದ ನಡುವೆ 30 ಸೆಕೆಂಡು ಕಾಯುತ್ತದೆ. ಅದರ ಮೂಲ ಸೆಟ್ಟಿಂಗೇ ಹಾಗಿದೆ. ಅದಕ್ಕೇ ಓರೆಗೆರೆ ಆರ್ ಕೋಲನ್ 1, ಓರೆಗೆರೆ ಡಬ್ಲ್ಯೂ ಕೋಲನ್ 1 ಅಂತ ಸೇರಿಸಿ. ಒಂದೇ ಸಲ ಮತ್ತೆ ನೋಡುತ್ತದೆ, ಒಂದು ಸೆಕೆಂಡು ಕಾದು ಮುಂದೆ ಹೋಗುತ್ತದೆ. ಒಳಗಿನ ಫೋಲ್ಡರ್‌ಗಳೂ ಬರಲು ಓರೆಗೆರೆ ಇ ಬೇಕು. ಲಾಗ್ ಅನ್ನು ಸಿ ಡ್ರೈವಿಗೆ ಬರೆಸಿ, ಯಾವ ಫೈಲು ಬಿಟ್ಟುಹೋಯಿತು ಅಂತ ಆಮೇಲೆ ನೋಡಬಹುದು.

ಡಿಸ್ಕ್ ಇನ್ನೂ ಹದಗೆಟ್ಟು ಫೋಲ್ಡರೇ ತೆರೆಯದಿದ್ದರೆ ಫೈಲ್ ಫೈಲ್ ಕಾಪಿ ಬಿಡಿ. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಜಿಎನ್‌ಯು ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕನ್ನು ಹೊಸ ಡಿಸ್ಕಿಗೆ ಇಳಿಸಬೇಕು. ಅದು ಸುಲಭವಾಗಿ ಓದುವ ಜಾಗವನ್ನೆಲ್ಲ ಮೊದಲು ಓದಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ಅನ್ನುವುದನ್ನು ಮಾತ್ರ ನಿಧಾನವಾಗಿ ನೋಡಿಕೊಂಡು ಕೊಡಿ. ತಿರುಗುಮುರುಗಾದರೆ ಇದ್ದದ್ದೂ ಹೋಗುತ್ತದೆ. ಟಕ್ ಟಕ್ ಸದ್ದು ಬರಲು ಶುರುವಾದರೆ ಕರೆಂಟ್ ತೆಗೆದು, ಡೇಟಾ ರಿಕವರಿ ಗೊತ್ತಿರುವವರ ಕೈಗೆ ಕೊಡುವುದೇ ವಾಸಿ.

ಶಾಲೆ ಮೇಷ್ಟ್ರು (ಬುಧವಾರ ಸಂಜೆ)

ಪೆಂಗ್ವಿನ್ ಅವರೇ, ಈಗ ನಮ್ಮದು ಕೇಳಬಹುದಾ? ಲ್ಯಾಬಿನಲ್ಲಿ ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರ್‌ಗಳಿವೆ, ಹಳೆಯ ಲಿನಕ್ಸ್ ಇದೆ. ಸಂಜೆ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತೇವೆ. ಮಾರನೇ ದಿನ ಆನ್ ಮಾಡಿದರೆ ಡ್ರೈವ್ ಕೊನೆಯ ಸಲ ಮೌಂಟ್ ಆದ (ಬಳಕೆಗೆ ತೆರೆದ) ಸಮಯ ಭವಿಷ್ಯದಲ್ಲಿದೆ ಅನ್ನುವ ಅರ್ಥದ ಸಾಲು ಬಂದು ಎಫ್‌ಎಸ್‌ಸಿಕೆ, ಅಂದರೆ ಲಿನಕ್ಸಿನ ಡಿಸ್ಕ್ ಚೆಕ್, ಶುರುವಾಗುತ್ತದೆ. ಇಡೀ ಪೀರಿಯಡ್ಡು ಅದಕ್ಕೇ ಹೋಗುತ್ತದೆ. ನೀವೆಲ್ಲ ಹೇಳಿದಂತೆ ಸ್ಮಾರ್ಟ್ ನೋಡಿದೆ, ಡಿಸ್ಕ್‌ಗಳು ಚೆನ್ನಾಗಿವೆ.

ಪೆಂಗ್ವಿನ್ ಧಾರವಾಡ (ಬುಧವಾರ ಸಂಜೆ)

ಮೇಷ್ಟ್ರೇ, ಇದು ಮದರ್‌ಬೋರ್ಡಿನ ಬ್ಯಾಟರಿ ವಿಷಯ. ಮೇನ್ ಸ್ವಿಚ್ ಆಫ್ ಮಾಡುತ್ತೇವೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರ ನಡೆಸುವುದು ಆ ನಾಣ್ಯದಂಥ ಬ್ಯಾಟರಿ. ಅದು ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಡಿಸ್ಕಿನಲ್ಲಿ ನಿನ್ನೆಯ ತಾರೀಖು ಬರೆದಿದೆ, ಗಡಿಯಾರ ಹಳೆಯ ವರ್ಷ ತೋರಿಸುತ್ತಿದೆ. ಲಿನಕ್ಸಿಗೆ ಇದು ತಪ್ಪಾಗಿ ಕಂಡು ಚೆಕ್ ಕೇಳುತ್ತದೆ.

ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ, 3 ವೋಲ್ಟಿನದು. ಸಾಧಾರಣವಾಗಿ ಇದೇ ಇರುತ್ತದೆ, ಹಳೆಯದರ ಮೇಲೆ ಬರೆದ ನಂಬರ್ ಒಮ್ಮೆ ನೋಡಿಕೊಳ್ಳಿ. ಹಾಕಿದ ಮೇಲೆ ಬಯೋಸ್‌ಗೆ ಹೋಗಿ ತಾರೀಖು ಸರಿಮಾಡಿ. ಬ್ಯಾಟರಿ ಸತ್ತಾಗ ಉಳಿದ ಸೆಟ್ಟಿಂಗ್‌ಗಳೂ ಅಳಿಸಿಹೋಗಿರುತ್ತವೆ. ಬೂಟ್ ಆರ್ಡರ್ ಕೂಡ ನೋಡಿ.

ಇದರ ಜೊತೆ ‘ಟ್ಯೂನ್2ಎಫ್‌ಎಸ್’ ಕಮಾಂಡಿಗೆ ಸಣ್ಣ ಅಕ್ಷರದ ಎಲ್ ಕೊಟ್ಟು ಮ್ಯಾಕ್ಸಿಮಮ್ ಮೌಂಟ್ ಕೌಂಟ್ ಎಷ್ಟಿದೆ ನೋಡಿ. ಇಷ್ಟು ಸಲ ಆನ್ ಆದ ಮೇಲೆ ಚೆಕ್ ಮಾಡು ಅನ್ನುವ ಲೆಕ್ಕ ಅದು. ಹಳೆಯ ಲಿನಕ್ಸ್‌ಗಳಲ್ಲಿ ಆ ಲೆಕ್ಕ ತಾನಾಗೇ ಇರುತ್ತಿತ್ತು. ಮೈನಸ್ 1 ಇದ್ದರೆ ಆ ಲೆಕ್ಕ ಬಂದ್ ಆಗಿದೆ.

ಇದೇ ಮಾತಿಗೆ, ಹೊಸ ಲಿನಕ್ಸ್‌ನಲ್ಲಿ ಒಂದೂವರೆ ನಿಮಿಷ ಕಾಯುವ ‘ಸ್ಟಾರ್ಟ್ ಜಾಬ್’ ಸಾಲು ಬಂದರೆ ಅದು ಡಿಸ್ಕ್ ಚೆಕ್ ಅಲ್ಲ ಅನ್ನುವುದೇ ಹೆಚ್ಚು. ಆನ್ ಆದಾಗ ಜೋಡಿಸಬೇಕಾದ ಡ್ರೈವ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಈಗ ಇಲ್ಲದ ಡ್ರೈವಿನ ಹೆಸರು ಉಳಿದಿರುತ್ತದೆ. ಅದು ಸಿಗಲಿ ಅಂತ 90 ಸೆಕೆಂಡು ಕಾಯುತ್ತದೆ. ಆ ಸಾಲು ತೆಗೆದರೆ, ಅಥವಾ ಅದಕ್ಕೆ ‘ನೋಫೇಲ್’ ಸೇರಿಸಿದರೆ ಸರಿಹೋಗುತ್ತದೆ.

ಶಾಲೆ ಮೇಷ್ಟ್ರು (ಗುರುವಾರ ಮಧ್ಯಾಹ್ನ)

ಒಂದು ಕಂಪ್ಯೂಟರಿಗೆ ಬ್ಯಾಟರಿ ಹಾಕಿ ನೋಡಿದೆವು. ಇವತ್ತು ಚೆಕ್ ಇಲ್ಲದೆ ನೇರವಾಗಿ ಬಂತು. ತಾರೀಖೂ ಸರಿಯಾಗಿದೆ. ಉಳಿದವಕ್ಕೆ ಬ್ಯಾಟರಿ ತರಿಸುತ್ತಿದ್ದೇವೆ. ತುಂಬು ಧನ್ಯವಾದ.

ಸಾಗರದ ಡಿಟಿಪಿ (ಶನಿವಾರ ರಾತ್ರಿ)

ಎಲ್ಲರಿಗೂ ಧನ್ಯವಾದ. ಶಿವಮೊಗ್ಗದಿಂದ ಹೊಸ ಡಿಸ್ಕ್ ತಂದೆ. ರೋಬೋಕಾಪಿ ರಾತ್ರಿಯಿಡೀ ಓಡಿತು. ಹಳೆಯ ಮದುವೆ ಕಾರ್ಡುಗಳ ಫೋಲ್ಡರಲ್ಲಿ ಕೆಲವು ಕೋರೆಲ್ ಫೈಲು ಬರಲಿಲ್ಲ, ಲಾಗಲ್ಲಿ ಹೆಸರು ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವುಗಳ ಪಿಡಿಎಫ್ ನನ್ನ ಮೇಲ್‌ನಲ್ಲಿ ಇವೆ, ಪ್ರೆಸ್ಸಿಗೆ ಕಳಿಸಿದ್ದವು. ಚಾಲ್ತಿ ಕೆಲಸ ಒಂದೂ ಹೋಗಿಲ್ಲ.

ಈಗ ಎರಡು ಪ್ರಶ್ನೆ. ಹೊಸ ಡಿಸ್ಕ್ ಇ ಡ್ರೈವ್ ಅಂತ ಬಂದಿದೆ, ಕೋರೆಲ್‌ನಲ್ಲಿ ಲಿಂಕ್ ಮಾಡಿದ ಫೋಟೋಗಳೆಲ್ಲ ಡಿ ಅಂತ ಹುಡುಕುತ್ತವೆ. ಇನ್ನೊಂದು, ಹಳೆಯ ಡಿಸ್ಕನ್ನು ಗುಜರಿಗೆ ಹಾಕಲಾ? ವಾರಂಟಿ ಮುಗಿದಿದೆ.

ಹಳೇ ಹಾರ್ಡ್‌ವೇರ್ (ಶನಿವಾರ ರಾತ್ರಿ)

ತುಂಬಾ ಖುಷಿಯಾಯಿತು. ಮೊದಲನೆಯದು ಸುಲಭ. ಕಂಪ್ಯೂಟರ್ ಆಫ್ ಮಾಡಿ ಹಳೆಯ ಡಿಸ್ಕಿನ ಎರಡೂ ಕೇಬಲ್ ತೆಗೆಯಿರಿ. ಆನ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಡ್ರೈವ್ ಲೆಟರ್ ಡಿ ಅಂತ ಬದಲಾಯಿಸಿ. ಲಿಂಕ್‌ಗಳೆಲ್ಲ ಸಿಗುತ್ತವೆ. ಆಮೇಲೆ ಚೆಕ್-ಎನ್‌ಟಿಎಫ್‌ಎಸ್‌ಗೆ ಓರೆಗೆರೆ ಡಿ ಕೊಡಿ. ಹೊಸ ಡಿಸ್ಕಿಗೆ ಮುಂದೆ ಏನಾದರೂ ಆದರೆ ಆ ಪರದೆ ಬಂದು ನಿಮಗೆ ಹೇಳಬೇಕು. ಮಳೆಗಾಳಿಯ ದಿನಗಳ 41ಕ್ಕೆ ಯುಪಿಎಸ್ ಬ್ಯಾಟರಿ ಒಮ್ಮೆ ನೋಡಿಸಿ.

ಗುಜರಿ ವಿಷಯದಲ್ಲಿ ಸ್ವಲ್ಪ ನಿಲ್ಲಿ. ನಿಮ್ಮದು ಜೆರಾಕ್ಸ್ ಅಂಗಡಿ. ಆ ಡಿಸ್ಕಿನಲ್ಲಿ ಊರಿನವರ ಆಧಾರ್ ಕಾರ್ಡು, ಪಹಣಿ, ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್ ಇರುತ್ತವೆ ಅಲ್ವಾ? ಡಿಲೀಟ್ ಮಾಡಿದರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅವು ಹೋಗುವುದಿಲ್ಲ. ಪಟ್ಟಿ ಮಾತ್ರ ಅಳಿಸುತ್ತದೆ. ರಿಕವರಿ ಪ್ರೋಗ್ರಾಮ್ ಹಾಕಿದರೆ ಯಾರು ಬೇಕಾದರೂ ತೆಗೆಯಬಹುದು. ಚೆನ್ನಾಗಿರುವ ಡಿಸ್ಕ್ ಆದರೆ ಕ್ವಿಕ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಸಾಕಿತ್ತು, ಎಲ್ಲ ಕಡೆ ಸೊನ್ನೆ ಬರೆಯುತ್ತದೆ. ಕೆಟ್ಟ ಸೆಕ್ಟರ್ ಇರುವ ಡಿಸ್ಕಿನಲ್ಲಿ ಎಲ್ಲ ಜಾಗಕ್ಕೂ ಬರೆಯುತ್ತದೆ ಅಂತ ನಂಬುವ ಹಾಗಿಲ್ಲ. ಮೊದಲು ಒಂದೆರಡು ತಿಂಗಳು ಬೀರುವಿನಲ್ಲಿ ಇಡಿ, ಯಾವುದಾದರೂ ಫೈಲು ಬಿಟ್ಟುಹೋಗಿದ್ದರೆ ಬೇಕಾಗುತ್ತದೆ. ಆಮೇಲೆ ಡ್ರಿಲ್ ಮಿಷಿನ್ ಇರುವವರ ಹತ್ತಿರ ಹೋಗಿ, ಒಳಗಿನ ತಟ್ಟೆಗಳನ್ನು ದಾಟುವ ಹಾಗೆ ನಾಲ್ಕೈದು ಕಡೆ ತೂತು ಹಾಕಿಸಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ, ಕೆಲವು ಡಿಸ್ಕಿನ ತಟ್ಟೆ ಗಾಜಿನದು, ಚೂರು ಹಾರುತ್ತದೆ. ಅದಾದ ಮೇಲೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.

ಸಾಗರದ ಡಿಟಿಪಿ (ಶನಿವಾರ ರಾತ್ರಿ)

ಆಧಾರ್ ವಿಷಯ ನನಗೆ ಹೊಳೆದಿರಲಿಲ್ಲ ಸರ್. ಸ್ಕ್ಯಾನ್ ಫೋಲ್ಡರ್ ನೋಡಿದೆ, ತುಂಬಾ ಇವೆ. ಹೊಸ ಡಿಸ್ಕಿಗೂ ಅವೇ ಕಾಪಿ ಆಗಿವೆ. ಅವನ್ನು ಇವತ್ತೇ ತೆಗೆಯುತ್ತಿದ್ದೇನೆ. ಡಿ ಲೆಟರ್ ಬದಲಾಯಿಸಿದೆ, ಕೋರೆಲ್ ಲಿಂಕ್ ಎಲ್ಲ ಸಿಗುತ್ತಿವೆ. ಓರೆಗೆರೆ ಡಿ ಕೂಡ ಕೊಟ್ಟೆ.